‘ಮ’ ಇಲ್ಲದ ಊರಿಗೆ ಅಮ್ಮನ ಜೊತೆ

“ಹಾಗಾದ್ರೆ ಇಲ್ಲಿಯ ಮಕ್ಕಳು ಅಮ್ಮನನ್ನು ಏನಂತ ಕರೀತಿದ್ದವು?”

ಅಮ್ಮ ಇದನ್ನು ಕೇಳಿದ್ದು ಕಾರಿನಲ್ಲಿ, ಎರಡು ವರ್ಷದ ಹಿಂದೆ. ಪೋರ್ಟ್ ಏಂಜಲಿಸ್ ದಾಟಿ ಪಶ್ಚಿಮಕ್ಕೆ ಹೋಗುತ್ತಿದ್ದೆವು. ಬಲಗಡೆ ಬೂದು ಬಣ್ಣದ ಸಮುದ್ರ, ಎಡಗಡೆ ಒದ್ದೆ ಕಾಡು. ಅಮ್ಮ ಪುತ್ತೂರಿನಿಂದ ಮೂರು ತಿಂಗಳಿಗೆಂದು ಸಿಯಾಟಲ್‌ನ ನಮ್ಮ ಮನೆಗೆ ಬಂದಿದ್ದಳು. ಊರಿಂದ ಬಂದವರಿಗೆ ತೋರಿಸುವ ಜಾಗಗಳೆಲ್ಲ ಮುಗಿದಿದ್ದವು. ನಾನು ಬಹಳ ದಿನದಿಂದ ಹೋಗಬೇಕು ಅಂದುಕೊಂಡಿದ್ದ ನಿಯಾ ಬೇ ಒಂದು ಉಳಿದಿತ್ತು. ಅಲಾಸ್ಕಾ, ಹವಾಯಿ ಬಿಟ್ಟರೆ ಅಮೆರಿಕದ ನೆಲ ವಾಯವ್ಯಕ್ಕೆ ಮುಗಿಯುವುದೇ ಅಲ್ಲಿ. ಅದು ಮಕಾ ಜನರ ಊರು. ಶತಮಾನಗಳ ಕಾಲ ಮರದ ದೋಣಿಯಲ್ಲಿ ಕಡಲಿಗೆ ಹೋಗಿ ತಿಮಿಂಗಿಲ ಹಿಡಿದು ತಂದವರು ಇವರು. ದಾರಿ ಉದ್ದವಿತ್ತು. ಮಾತಿನ ನಡುವೆ ನಾನು, “ಈ ಜನರ ಭಾಷೆಯಲ್ಲಿ ಮ ಇಲ್ಲ ಅಮ್ಮಾ, ನ ಕೂಡ ಇಲ್ಲ” ಅಂದೆ. ಅಮ್ಮ ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ಈ ಪ್ರಶ್ನೆ ಬಂತು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ದಿನ ಆ ಭಾಷೆಯ ಬಗ್ಗೆ ಓದಿದ್ದೆ, ಧ್ವನಿಗಳ ಪಟ್ಟಿ ನೋಡಿದ್ದೆ. ಆದರೂ ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸಿದ ಅಮ್ಮನಿಗೆ ಮೊದಲು ಹೊಳೆದದ್ದೇ ಅದು. ಮಗುವಿನ ಬಾಯಿಗೆ ಎಲ್ಲಕ್ಕಿಂತ ಮೊದಲು ಬರುವುದು ‘ಮ’ ಅಂತ ನಾವೆಲ್ಲ ನಂಬಿಕೊಂಡೇ ಬೆಳೆದವರು, ಅಲ್ವಾ? ತುಟಿ ಮುಚ್ಚಿದರೆ ಮ, ತೆರೆದರೆ ಅ.

ಬೇರೆಯವರ ಕಿವಿಯಲ್ಲಿ ಹುಟ್ಟಿದ ಹೆಸರು

ಮಕಾ ಭಾಷೆ ವಕಾಶನ್ ಎಂಬ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಉಳಿದ ಭಾಷೆಗಳೆಲ್ಲ ಕೆನಡಾದ ಕಡೆ ಇವೆ, ವ್ಯಾಂಕೂವರ್ ದ್ವೀಪದಲ್ಲಿ ಮತ್ತು ಅದರ ಉತ್ತರದ ಕರಾವಳಿಯಲ್ಲಿ. ಅಮೆರಿಕದ ಕಡೆ ಇರುವುದು ಮಕಾ ಒಂದೇ. ನಿಯಾ ಬೇಯ ದಡದಲ್ಲಿ ನಿಂತರೆ ಆಚೆ ದ್ವೀಪದ ಬೆಟ್ಟಗಳು ಕಾಣುತ್ತವೆ. ಅಲ್ಲಿ ಇದರ ಎರಡು ಹತ್ತಿರದ ನೆಂಟರು. ಒಂದು ನೂ-ಚಾ-ನುಲ್ತ್, ಇನ್ನೊಂದು ಡಿಟಿಡಾಟ್. ಮೂರೂ ಅಕ್ಕತಂಗಿಯರು. ಇವರಲ್ಲಿ ನೂ-ಚಾ-ನುಲ್ತ್ ಮಾತ್ರ ಮ, ನ ಎರಡನ್ನೂ ಉಳಿಸಿಕೊಂಡಿತು. ಉಳಿದ ಇಬ್ಬರ ಬಾಯಲ್ಲಿ ‘ಮ’ ಎಂಬುದು ‘ಬ’ ಆಯಿತು. ‘ನ’ ಎಂಬುದು ‘ದ’ ಆಯಿತು. ನೂ-ಚಾ-ನುಲ್ತ್‌ನಲ್ಲಿ ನಾಲ್ಕಕ್ಕೆ ‘ಮೂ’ ಅನ್ನುತ್ತಾರೆ. ಮಕಾದಲ್ಲಿ ‘ಬೂ’. (ನಮ್ಮ ಕಿವಿಗೆ ‘ಮೂ’ ಅಂದರೆ ಮೂರು. ಅಮ್ಮ ಇದನ್ನು ಕೇಳಿ ಬೆರಳು ಮಡಚಿ ಎಣಿಸಿದಳು.)

ಈ ಬದಲಾವಣೆ ಗೊತ್ತಾದ ಮೇಲೆ ಭೂಪಟವೇ ಬೇರೆ ಥರ ಕಾಣುತ್ತದೆ. ಡಿಟಿಡಾಟ್ ಜನರ ಊರಿನ ಹತ್ತಿರ ಒಂದು ದೊಡ್ಡ ಕೆರೆ ಇದೆ. ಭೂಪಟದಲ್ಲಿ ಅದರ ಹೆಸರು ನಿಟಿನಾಟ್. ಡಿಟಿಡಾಟ್, ನಿಟಿನಾಟ್. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಓದಿ ನೋಡಿ. ಒಂದೇ ಹೆಸರು. ಒಂದು ಅವರೇ ಹೇಳಿಕೊಳ್ಳುವುದು, ಇನ್ನೊಂದು ನೆರೆಯವರು ಹೇಳುವುದು. ಭೂಪಟ ಮಾಡಿದವರು ಕೇಳಿದ್ದು ನೆರೆಯವರನ್ನು.

ನಿಯಾ ಬೇಯದ್ದೂ ಇದೇ ಕತೆ. ಆ ಹಳ್ಳಿಯ ಹೆಸರು ಅವರ ಬಾಯಲ್ಲಿ ‘ದೀಯಾ’. ಪೂರ್ವದ ನೆರೆಯವರಾದ ಕ್ಲಾಲಮ್ ಜನರ ಬಾಯಲ್ಲಿ ಅದು ‘ನಿಯಾ’. ಇನ್ನು ‘ಮಕಾ’ ಎಂಬ ಹೆಸರು. ಅದೂ ಕ್ಲಾಲಮ್ ಜನರು ಇಟ್ಟದ್ದೇ. ಹೊಟ್ಟೆ ತುಂಬ ಊಟ ಹಾಕುವ ಉದಾರಿಗಳು ಅಂತ ಅರ್ಥ ಹೇಳುತ್ತಾರೆ. 1855ರ ಜನವರಿ 31ರಂದು ವಾಷಿಂಗ್ಟನ್ ಪ್ರಾಂತ್ಯದ ಗವರ್ನರ್ ಐಸಾಕ್ ಸ್ಟೀವನ್ಸ್ ಇವರ ಜೊತೆ ಒಪ್ಪಂದ ಮಾಡಿಕೊಂಡ. ಜಮೀನಿನ ಬಹುಪಾಲು ಹೋಯಿತು. ತಿಮಿಂಗಿಲ ಹಿಡಿಯುವ ಹಕ್ಕು ಮಾತ್ರ ಕಾಗದದಲ್ಲಿ ಉಳಿಯಿತು. ಆ ಕಾಗದದ ಮೇಲೆ ಬಂದ ಹೆಸರು ನೆರೆಯವರು ಕರೆಯುತ್ತಿದ್ದ ಹೆಸರು. ಸರಕಾರದ ಕಡತಕ್ಕೆ ಒಮ್ಮೆ ಹೋದ ಹೆಸರು ಸುಲಭಕ್ಕೆ ಬದಲಾಗುವುದಿಲ್ಲ. ಹೀಗೆ ‘ಮ’ ಇಲ್ಲದ ಭಾಷೆಯ ಜನ ‘ಮ’ದಿಂದ ಶುರುವಾಗುವ ಹೆಸರು ಹೊತ್ತುಕೊಂಡರು. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಬೇರೆ. ಬಂಡೆಗಳ, ಕಡಲಹಕ್ಕಿಗಳ ಬಳಿ ಬದುಕುವವರು ಅಂತ ಅದರ ಅರ್ಥ. ಭಾಷೆಯ ಹೆಸರು ಕನ್ನಡದಲ್ಲಿ ಹತ್ತಿರಕ್ಕೆ ಹತ್ತಿರ ಬರೆದರೆ ‘ಕ್ವೀಕ್ವೀಡಿಚ್ಚಕ್’ ಅಂತಾಗುತ್ತದೆ.

ಜೇಮ್ಸ್ ಸ್ವಾನ್ ಅಂತ ಒಬ್ಬ ಇದ್ದ. 1860ರ ದಶಕದಲ್ಲಿ ನಿಯಾ ಬೇಯಲ್ಲಿ ಮೇಷ್ಟ್ರಾಗಿದ್ದವನು. ಈ ಜನರು ತಮ್ಮನ್ನು ಏನಂದುಕೊಳ್ಳುತ್ತಾರೆ ಅಂತ ಕೇಳಿ ಬರೆದಿಟ್ಟಿದ್ದಾನೆ. ಅವನ ಬರಹದಲ್ಲಿ ಆ ಹೆಸರಿನ ಶುರು ‘ಕ್ವೆನೆಟ್’ ಅಂತಿದೆ. ಈಗ ‘ಡ’ ಬರೆಯುವ ಜಾಗದಲ್ಲಿ ಅವನಿಗೆ ‘ನ’ ಕೇಳಿಸಿದೆ. ಅವನ ಕಾಲಕ್ಕೆ ಆ ಧ್ವನಿ ಎರಡರ ನಡುವೆ ಎಲ್ಲೋ ತೂಗಾಡುತ್ತಿದ್ದಿರಬೇಕು. ಮ, ನ ಹೇಳುವಾಗ ಗಾಳಿ ಹೊರಗೆ ಬರುವ ಮೂಗಿನ ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಒಂದು ಭಾಷೆ ದಾರಿಯಲ್ಲಿ ನಡೆಯುತ್ತಿರುವಾಗಲೇ ಯಾರೋ ಬಂದು ಪೆನ್ನು ಹಿಡಿದು ಬರೆದುಕೊಂಡ ಹಾಗೆ. ಅದು ಹೋಗಿ ನಿಂತ ಜಾಗ ಬೇರೆ, ಕಾಗದದ ಮೇಲೆ ಉಳಿದ ಜಾಗ ಬೇರೆ.

ಅಮ್ಮ ಕೈ ಅಡ್ಡ ಇಟ್ಟ ಕಂಬಸಾಲು

ಆ ರಾತ್ರಿ ಅಲ್ಲೇ ಉಳಿದೆವು. ಹೊರಗೆ ಸಣ್ಣ ಮಳೆ. ಅಮ್ಮ ತನ್ನ ಚೀಲದಿಂದ ಲೆಕ್ಕ ಬರೆಯುವ ಪುಸ್ತಕ ತೆಗೆದಳು. ಅದರಲ್ಲಿ ಒಂದು ಖಾಲಿ ಹಾಳೆ ಹುಡುಕಿ, ಮಕ್ಕಳಿಗೆ ಬರೆಸುವ ಹಾಗೆ ವರ್ಗಾಕ್ಷರಗಳನ್ನು ಬರೆದಳು. ಕ ಖ ಗ ಘ ಙ. ಕೆಳಗೆ ಚ ಛ ಜ ಝ ಞ. ಐದು ಅಡ್ಡಸಾಲು, ಐದು ಕಂಬಸಾಲು. ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಅದು. ಗೆರೆ ಎಳೆಯದೆಯೂ ಅಕ್ಷರಗಳು ನೆಟ್ಟಗೆ ನಿಂತವು. ಬರೆದು ಮುಗಿಸಿ ಕೊನೆಯ ಕಂಬಸಾಲಿನ ಮೇಲೆ ಅಂಗೈಯನ್ನು ಉದ್ದಕ್ಕೆ ಇಟ್ಟಳು. ಙ, ಞ, ಣ, ನ, ಮ ಮುಚ್ಚಿಹೋದವು. “ಇಷ್ಟು ಇಲ್ಲ, ಹೌದಾ?” ಅಂದಳು.

ಹೌದು. ಆದರೆ ಅಷ್ಟೇ ಅಲ್ಲ. ಎರಡನೇ, ನಾಲ್ಕನೇ ಕಂಬಸಾಲುಗಳೂ ಇಲ್ಲ. ನಮ್ಮ ಥರದ ಮಹಾಪ್ರಾಣ ಅಲ್ಲಿಲ್ಲ. ಅದಕ್ಕೆ ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. “ಮಾತಾಡುವಾಗ ನಮ್ಮಲ್ಲೂ ಅರ್ಧ ಜನಕ್ಕೆ ಇಲ್ಲ” ಅಂದಳು. ಅಚ್ಚರಿ ಇದ್ದದ್ದು ಮೂರನೇ ಕಂಬಸಾಲಿನಲ್ಲಿ. ಗ ಜ ಡ ದ ಬ. ಮಕಾದಲ್ಲಿ ಗ ಇಲ್ಲ, ಜ ಇಲ್ಲ. ಇರುವುದು ಎರಡೇ, ಬ ಮತ್ತು ದ. ಎರಡೇ ಯಾಕೆ? ಹಳೆಯ ಮ ಮತ್ತು ನ ಬಂದು ಕೂತ ಜಾಗ ಅವು. ಕೊನೆಯ ಸಾಲಿನವರು ಮೂರನೇ ಸಾಲಿಗೆ ಬಂದು ಕೂತಿದ್ದಾರೆ, ಅಷ್ಟೇ. ಅಮ್ಮ ಕೈ ತೆಗೆದು ಮ ದಿಂದ ಬ ಕ್ಕೆ, ನ ದಿಂದ ದ ಕ್ಕೆ ಬಾಣದ ಗುರುತು ಹಾಕಿದಳು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ದ ಬರೆಯುವಾಗ ಒಂದು ಸಿಕ್ಕು ಎದುರಾಯಿತು. ಅದು ದ ವೋ ಡ ವೋ? ನಮ್ಮ ‘ದ’ದಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ. ‘ಡ’ದಲ್ಲಿ ಮಡಚಿ ಮೇಲೆ ಹೋಗುತ್ತದೆ. ಇದು ಎರಡರ ನಡುವೆ, ಹಲ್ಲಿನ ಹಿಂದಿನ ದಿಣ್ಣೆಯ ಹತ್ತಿರ. ನ ದಿಂದ ಬಂದದ್ದು ಅನ್ನುವುದು ನೆನಪಿರಲಿ ಅಂದರೆ ದ ಬರೆಯಬೇಕು. ಕಿವಿಗೆ ಕೇಳಿದ್ದನ್ನು ಬರೆಯುವುದಾದರೆ ಡ ಹತ್ತಿರ. ನಾನು ಈ ಬರಹದಲ್ಲೇ ಎರಡನ್ನೂ ಬಳಸಿದ್ದೇನೆ, ನಿಮ್ಮ ಗಮನಕ್ಕೆ ಬಂದಿರಬಹುದು. ಜಗತ್ತಿನ ಎಲ್ಲ ಧ್ವನಿಗೂ ಕನ್ನಡ ಲಿಪಿಯಲ್ಲಿ ಅಕ್ಷರ ಇದೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಮ್ಮ ಧ್ವನಿಗಳಿಗೆ ಇದೆ. ಅದೇ ದೊಡ್ಡದು.

ಇಲ್ಲದ್ದನ್ನೇ ಎಣಿಸುತ್ತಾ ಕೂತರೆ ಆ ಭಾಷೆ ಬಡವಾಗಿ ಕಾಣುತ್ತದೆ. ಅದು ಸರಿಯಲ್ಲ. ಇರುವುದನ್ನು ನೋಡಿದರೆ ಅಮ್ಮನ ಹಾಳೆ ಸಾಲುತ್ತಿರಲಿಲ್ಲ. ಮೊದಲಿಗೆ, ಗಂಟಲು ಕಟ್ಟಿ ಹೇಳುವ ವ್ಯಂಜನಗಳು. ಪ, ತ, ಕ, ಚ ಎಲ್ಲಕ್ಕೂ ಒಂದೊಂದು ಗಂಟಲ ಜೋಡಿ ಇದೆ. ಬಾವಿಯಿಂದ ನೀರು ಸೇದಿ ಕೊಡಪಾನವನ್ನು ಸೊಂಟಕ್ಕೆ ಎತ್ತುವಾಗ ಉಸಿರು ಒಂದು ಕ್ಷಣ ಗಂಟಲಲ್ಲಿ ನಿಲ್ಲುತ್ತದಲ್ಲ, ಹಾಗೆ ನಿಲ್ಲಿಸಿ ‘ಕ’ ಹೇಳಬೇಕು. ಎದೆಯ ಗಾಳಿ ಬರಬಾರದು. ಬಾಯಲ್ಲಿರುವ ಗಾಳಿಯೇ ಚಟ್ಟನೆ ಸಿಡಿಯಬೇಕು. ಅಮ್ಮ ಮೂರನೇ ಸಲಕ್ಕೆ ಹೇಳಿಬಿಟ್ಟಳು. ನನಗೆ ವಾರ ಹಿಡಿಯಿತು. ಎರಡನೆಯದು, ಕ ಕ್ಕಿಂತ ಹಿಂದಿನ ಕ. ನಾಲಿಗೆಯ ಬುಡ ಕಿರುನಾಲಿಗೆಗೆ ತಾಗಬೇಕು. ಈ ಎರಡು ಕ ಗಳೂ ಬೇರೆ ಬೇರೆ ಅಕ್ಷರ. ಎರಡಕ್ಕೂ ತುಟಿ ದುಂಡಗೆ ಮಾಡಿ ಹೇಳುವ ಜೋಡಿ ಇದೆ. ಎಲ್ಲಕ್ಕೂ ಗಂಟಲು ಕಟ್ಟಿ ಹೇಳುವ ಜೋಡಿಯೂ ಇದೆ. ನಾವು ಒಂದೇ ‘ಕ’ ಅಂತ ಕೇಳಿಸಿಕೊಳ್ಳುವ ಜಾಗದಲ್ಲಿ ಅವರಿಗೆ ಎಂಟು ಇದೆ.

ನನಗೆ ಬಹಳ ಇಷ್ಟವಾದದ್ದು ದನಿಯಿಲ್ಲದ ‘ಲ’. ನಾಲಿಗೆಯನ್ನು ಲ ಹೇಳುವ ಹಾಗೇ ಇಡಬೇಕು, ದನಿ ಮಾತ್ರ ಕೊಡಬಾರದು. ಗಾಳಿ ನಾಲಿಗೆಯ ಎರಡು ಬದಿಯಿಂದ ಹೊರಗೆ ಬರುತ್ತದೆ. ಕಾದ ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಬರುವ ಸದ್ದು. ಇದರ ಮುಂದೆ ಒಂದು ‘ಟ್’ ಸೇರಿಸಿದರೆ ಇನ್ನೊಂದು ಅಕ್ಷರ. ಅದಕ್ಕೆ ಗಂಟಲು ಕಟ್ಟಿದರೆ ಮತ್ತೊಂದು.

ಸ್ವರಗಳ ವಿಷಯಕ್ಕೆ ಬಂದರೆ ಮಾತ್ರ ನಮ್ಮ ಮನೆಗೆ ಬಂದ ಹಾಗೆ. ಅ ಇ ಉ ಎ ಒ, ಐದಕ್ಕೂ ಹ್ರಸ್ವ ದೀರ್ಘ. ಕನ್ನಡದ್ದೇ ಲೆಕ್ಕ. ಇಂಗ್ಲಿಷಿನವರು ಇಲ್ಲಿ ಒದ್ದಾಡುತ್ತಾರೆ, ನಾವು ಒದ್ದಾಡಬೇಕಿಲ್ಲ. ಅಮ್ಮ ಸ್ವರಗಳ ಸಾಲಿನ ಪಕ್ಕ ದೊಡ್ಡದಾಗಿ ‘ಸರಿ’ ಗುರುತು ಹಾಕಿದಳು, ಮಕ್ಕಳ ಪುಸ್ತಕ ತಿದ್ದುವ ಹಾಗೆ.

ಮೂಗು ಕಟ್ಟಿದ್ದಲ್ಲ

ಈ ವಿಷಯ ಹೇಳಿದಾಗ ಕೆಲವರು, ಅದೇನು ನೆಗಡಿಯಾದವರ ಮಾತಾ ಅಂತ ಕೇಳುತ್ತಾರೆ. ನನಗೆ ಬೇಸರವಾಗುತ್ತದೆ. ನಾವು ‘ಪ’ಗೆ ಏನು ಮಾಡಿದೆವು ಅಂತ ನೋಡೋಣ. ಹಳಗನ್ನಡದಲ್ಲಿ ಪಾಲು ಇತ್ತು, ಪೂ ಇತ್ತು, ಪಳ್ಳಿ ಇತ್ತು. ನಾವು ಹಾಲು, ಹೂ, ಹಳ್ಳಿ ಅನ್ನುತ್ತೇವೆ. ತಮಿಳರು, ಮಲಯಾಳಿಗಳು ಈಗಲೂ ಪ ಹೇಳುತ್ತಾರೆ. ಅವರು ‘ವಾ’ ಅಂದರೆ ನಾವು ‘ಬಾ’ ಅನ್ನುತ್ತೇವೆ. ನಮ್ಮ ತುಟಿಗೇನೂ ಆಗಿರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಜಾರಿತು. ಮಕ್ಕಳು ಜಾರಿದ್ದನ್ನೇ ಸರಿ ಅಂತ ಕಲಿತರು. ಮಕಾದಲ್ಲಿ ಮ ಹೋಗಿ ಬ ಬಂದದ್ದೂ ಹೀಗೇ, ಇಷ್ಟೇ ಶಿಸ್ತಿನಲ್ಲಿ. ಒಂದು ಶಬ್ದದಲ್ಲಿ ಆಗಿ ಇನ್ನೊಂದರಲ್ಲಿ ಬಿಟ್ಟುಹೋದದ್ದಲ್ಲ.

ಇನ್ನೂ ಒಂದು ಮಾತು. ಇದು ಮಕಾ, ಡಿಟಿಡಾಟ್ ಎರಡರ ಮನೆಯೊಳಗಿನ ವಿಷಯ ಮಾತ್ರ ಅಲ್ಲ. ದಕ್ಷಿಣಕ್ಕೆ ಹೋದರೆ ಕ್ವಿಲಿಯೂಟ್ ಭಾಷೆ. ಅದು ಬೇರೆಯೇ ಕುಟುಂಬ, ಅಲ್ಲೂ ಮ, ನ ಇಲ್ಲ. ಪೂರ್ವಕ್ಕೆ ಬಂದು ಸಿಯಾಟಲ್ ಇರುವ ಕೊಲ್ಲಿಯ ದಡಕ್ಕೆ ಬಂದರೆ ಲಶೂಟ್‌ಸೀಡ್. ಅದು ಸೇಲಿಶ್ ಎಂಬ ಮೂರನೇ ಕುಟುಂಬ, ಅಲ್ಲೂ ಇಲ್ಲ. ರಕ್ತಸಂಬಂಧ ಇಲ್ಲದ ಮೂರು ಕುಟುಂಬಗಳು ಒಂದೇ ಕರಾವಳಿಯಲ್ಲಿ ಅಕ್ಕಪಕ್ಕ ಬದುಕಿ, ಹೆಣ್ಣು ಕೊಟ್ಟು ತಂದು, ಮೀನು ಮಾರಿ, ಜಗಳಾಡಿ, ಕೊನೆಗೆ ಒಂದೇ ಥರ ಮೂಗಿನ ಬಾಗಿಲು ಮುಚ್ಚಿಕೊಂಡವು. ದಕ್ಷಿಣ ಕನ್ನಡದಲ್ಲಿ ತುಳು, ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ ಎಲ್ಲವನ್ನೂ ಒಂದೇ ಬಸ್ಸಿನಲ್ಲಿ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರೆಮನೆಯ ರಾಗ ನಮ್ಮ ಮಾತಿಗೆ ಯಾವಾಗ ಹತ್ತಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಸಿಯಾಟಲ್‌ನಲ್ಲಿ ಇಷ್ಟು ವರ್ಷದಿಂದ ಇದ್ದೇನೆ. ಸುತ್ತಲಿನ ಊರು, ಹೊಳೆಗಳ ಹೆಸರು ಡುವಾಮಿಶ್, ಸ್ನೊಹೊಮಿಶ್, ಸ್ಟಿಲಗ್ವಾಮಿಶ್. ಎಲ್ಲದರಲ್ಲೂ ಮ ಇದೆ. ಆ ಹೆಸರಿಟ್ಟ ಭಾಷೆಯಲ್ಲಿ ಈಗ ಆ ‘ಮ’ ಇರುವಲ್ಲಿ ‘ಬ’ ಇದೆ. ದಿನಾ ಹೈವೇ ಮೇಲೆ ಈ ಹಸಿರು ಫಲಕಗಳನ್ನು ಓದಿಕೊಂಡೇ ಆಫೀಸಿಗೆ ಹೋಗುತ್ತಿದ್ದೆ. ಈಗ ಓದುವಾಗ ಮನಸ್ಸಿನಲ್ಲೇ ಒಂದು ಸಲ ಬ ಹಾಕಿ ಓದುತ್ತೇನೆ.

ಉದ್ದನೆಯ ಮನೆಯೊಳಗಿನ ದನಿ

ಮರುದಿನ ಬೆಳಿಗ್ಗೆ ಮ್ಯೂಸಿಯಂಗೆ ಹೋದೆವು. ಇದು ಮಕಾ ಜನರೇ 1979ರಲ್ಲಿ ತೆರೆದದ್ದು. ದಕ್ಷಿಣಕ್ಕೆ ಒಜೆಟ್ ಅಂತ ಅವರ ಹಳೆಯ ಹಳ್ಳಿ ಇತ್ತು. ಯೂರೋಪಿನವರು ಬರುವ ಮೊದಲೇ ಒಂದು ದಿನ ಗುಡ್ಡ ಕುಸಿದು ಕೆಲವು ಮನೆಗಳು ಕೆಸರಿನಡಿ ಹೂತುಹೋದವು. 1970ರಲ್ಲಿ ಬಿರುಗಾಳಿಗೆ ದಡ ಕೊರೆದು ಅವು ಹೊರಗೆ ಕಂಡವು. ಆಮೇಲೆ 11 ವರ್ಷ ಅಗೆದರು. 55,000ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಗಾಳಿ ಆಡದ ಒದ್ದೆ ಮಣ್ಣಿನಲ್ಲಿ ಇದ್ದದ್ದರಿಂದ ಮರದ್ದು, ನಾರಿನದ್ದು ಯಾವುದೂ ಕೊಳೆತಿರಲಿಲ್ಲ. ಬುಟ್ಟಿ, ಈಟಿ, ಮರದ ಪೆಟ್ಟಿಗೆ, ಮಕ್ಕಳ ಆಟದ ಸಾಮಾನು. ಅಮ್ಮ ಬುಟ್ಟಿಗಳ ಮುಂದೆ ಬಹಳ ಹೊತ್ತು ನಿಂತಳು. ಹೆಣಿಗೆಯನ್ನು ಕಣ್ಣಿನಲ್ಲೇ ಬಿಚ್ಚಿ ನೋಡುವ ಹಾಗೆ.

ಒಳಗೆ ಸೀಡರ್ ಹಲಗೆಯ ಉದ್ದನೆಯ ಮನೆಯೊಂದನ್ನು ಪೂರ್ತಿ ಅಳತೆಯಲ್ಲೇ ಕಟ್ಟಿದ್ದಾರೆ. ಕತ್ತಲೆ, ಮರದ ವಾಸನೆ. ಅಲ್ಲಿ ಹಿರಿಯರು ಮಾತಾಡಿದ್ದನ್ನು ಮುದ್ರಿಸಿ ಸಣ್ಣಗೆ ಹಾಕಿದ್ದರು. ಪಕ್ಕದ ಕೋಣೆಯಲ್ಲಿ ಯಾರೋ ಕೂತು ಸುಮ್ನೆ ಹರಟುತ್ತಿದ್ದಾರೆ ಅನ್ನುವ ಹಾಗೆ. ನಾನು ಪುಸ್ತಕದಲ್ಲಿ ಓದಿದ್ದ ಧ್ವನಿಗಳು ಇವು. ಆದರೆ ಹೀಗೆ ಒಂದರ ಹಿಂದೆ ಒಂದು ಬಂದಾಗ ಅವು ಬಿಡಿಬಿಡಿ ಅಕ್ಷರಗಳಾಗಿ ಕೇಳಲೇ ಇಲ್ಲ. ಬೆಣಚುಕಲ್ಲಿನ ದಡದಲ್ಲಿ ಅಲೆ ಹಿಂದೆ ಸರಿಯುವಾಗ ಕಲ್ಲುಗಳು ಉರುಳಿ ಚಟಪಟ ಅನ್ನುವುದನ್ನು ಹಿಂದಿನ ಸಂಜೆಯಷ್ಟೇ ಕೇಳಿದ್ದೆವು. ಹಾಗಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. “ಎಲ್ಲೂ ಗುಂಯ್ ಅನ್ನುವುದಿಲ್ಲ ನೋಡು” ಅಂದಳು. ಹೌದು. ಕನ್ನಡದ ಮಾತಿನ ಕೆಳಗೆ ಯಾವಾಗಲೂ ಒಂದು ಗುಂಯ್ ಇರುತ್ತದೆ. ಬಂದ, ಅಂಗಡಿ, ತಿಂಡಿ, ನಮ್ಮನೆ. ಅದು ಇದೆ ಅಂತ ನನಗೆ ಗೊತ್ತಾದದ್ದು ಅದಿಲ್ಲದ ಮಾತನ್ನು ಕೇಳಿದಾಗ.

ಹುಟ್ಟಿನಿಂದ ಈ ಭಾಷೆಯನ್ನೇ ಆಡಿಕೊಂಡು ಬಂದವರಲ್ಲಿ ಕೊನೆಯವರು 2002ರಲ್ಲಿ ತೀರಿಕೊಂಡರು. ಅವರಿಗೆ ನೂರು ವರ್ಷ ಆಗಿತ್ತು. ಭಾಷೆ ಮನೆಯಿಂದ ಹೋದದ್ದು ಹೇಗೆ ಅಂತ ಹಿಂದಿನ ದಿನ ಕಾರಿನಲ್ಲೇ ಅಮ್ಮನಿಗೆ ಹೇಳಿದ್ದೆ. 19ನೇ ಶತಮಾನದಲ್ಲಿ ಸರಕಾರ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿ ಶಾಲೆಗೆ ಹಾಕಿತು. ಅಲ್ಲಿ ಅವರ ಮಾತು ಆಡುವ ಹಾಗಿರಲಿಲ್ಲ. ಆಡಿದರೆ ಶಿಕ್ಷೆ. ಅಮ್ಮ ಆಗ ಏನೂ ಹೇಳಿರಲಿಲ್ಲ. ಉದ್ದನೆಯ ಮನೆಯಿಂದ ಹೊರಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ಹೇಳಿದಳು. “ಕ್ಲಾಸಲ್ಲಿ ತುಳು ಮಾತಾಡಬಾರದು ಅಂತ ನಾನೂ ಬೈದಿದ್ದೇನೆ. ಒಂದನೇ ಕ್ಲಾಸಿನ ಮಕ್ಕಳು. ಕನ್ನಡ ಬೇಗ ಬರಲಿ ಅಂತ. ಒಬ್ಬ ಹುಡುಗ ಮೂರು ತಿಂಗಳು ಬಾಯಿಯೇ ಬಿಡಲಿಲ್ಲ.” ನಾನು ಏನೂ ಹೇಳಲಿಲ್ಲ. ಎರಡೂ ಒಂದೇ ಅಲ್ಲ ಅಂತ ಸಮಾಧಾನ ಹೇಳಬಹುದಿತ್ತು. ಅಲ್ಲಿ ಮಕ್ಕಳನ್ನು ಮನೆಯಿಂದಲೇ ಕಿತ್ತುಕೊಂಡಿದ್ದರು, ನಮ್ಮ ಹುಡುಗ ಸಂಜೆ ಮನೆಗೆ ಹೋಗಿ ತುಳುವಿನಲ್ಲೇ ಅಳಬಹುದಿತ್ತು. ಆದರೆ ಅಮ್ಮ ಸಮಾಧಾನ ಕೇಳುತ್ತಿರಲಿಲ್ಲ.

ಟಿಕೆಟ್ ಕೊಡುವಲ್ಲಿ ಇದ್ದ ಹೆಂಗಸನ್ನು ಊರಿನ ಹೆಸರು ಸರಿಯಾಗಿ ಹೇಗೆ ಹೇಳುವುದು ಅಂತ ಕೇಳಿದೆವು. ಅವರು ನಿಧಾನಕ್ಕೆ ಹೇಳಿದರು. ಅಮ್ಮ ಹಾಗೇ ಹೇಳಿದಳು, ದೀರ್ಘ ಎಲ್ಲಿ ಬೇಕೋ ಅಲ್ಲಿಗೆ. ಅವರ ಮುಖ ಅರಳಿತು. ಇನ್ನೊಂದು ಸಲ ಹೇಳಿ ಅಂದರು. ಆಗ ನಾನು ಅಮ್ಮನ ಪ್ರಶ್ನೆಯನ್ನೂ ಕೇಳಿಬಿಡೋಣ ಅಂತ ಬಾಯಿ ತೆರೆದೆ. ಅಮ್ಮ ನನ್ನ ತೋಳು ಹಿಡಿದು ಎಳೆದಳು. ಹೊರಗೆ ಬಂದ ಮೇಲೆ, “ಇವತ್ತು ಪರಿಚಯ ಆದವರ ಹತ್ತಿರ ಅಮ್ಮನನ್ನು ಏನಂತ ಕರೀತಿದ್ದಿರಿ ಅಂತ ಕೇಳಬಾರದು ಮಗಾ” ಅಂದಳು.

ತಲೆಯ ಮೇಲೆ ಕೂತ ಅಕ್ಷರ

ಮಕಾ ಅಕ್ಷರಮಾಲೆ ಸಿದ್ಧವಾದದ್ದು 1970ರ ದಶಕದ ಕೊನೆಯಲ್ಲಿ. ಹಿರಿಯರು ಇನ್ನೂ ಇದ್ದರು. ನೆವಾಡಾದ ಭಾಷಾತಜ್ಞ ವಿಲಿಯಂ ಜೇಕಬ್‌ಸನ್ 1960ರ ದಶಕದಿಂದ ಅವರ ಜೊತೆ ಕೂತು ಕೆಲಸ ಮಾಡಿದ್ದ. ಅಕ್ಷರಗಳು ರೋಮನ್ ಲಿಪಿಯವು. ಆದರೆ ಒಂದು ಧ್ವನಿಗೆ ಒಂದೇ ಗುರುತು ಅನ್ನುವ ಹಟ ಅದರಲ್ಲಿದೆ. ಹಾಗಾಗಿ ಗೆರೆ ಎಳೆದ ಎಲ್ ಇದೆ. ಗೆರೆ ಎಳೆದ ಗ್ರೀಕ್ ಲ್ಯಾಮ್ಡಾ ಇದೆ. ಗಂಟಲು ಕಟ್ಟಿದ್ದಕ್ಕೆ ಒಂದು ಅಲ್ಪವಿರಾಮದಂಥ ಚುಕ್ಕಿ. ದೀರ್ಘಕ್ಕೆ ಸ್ವರದ ಪಕ್ಕ ಸ್ವಲ್ಪ ಎತ್ತರದಲ್ಲಿ ಬಿಂದು. ದುಂಡು ತುಟಿಗೆ ಮೇಲೆ ಪುಟ್ಟ ಡಬ್ಲ್ಯೂ. ನಾವು ‘ಕ್ವ’ ಬರೆಯುವಾಗ ವ ಒತ್ತಕ್ಷರವಾಗಿ ಕೆಳಗೆ ತೂಗುತ್ತದೆ. ಅವರಲ್ಲಿ ಅದು ಹೆಗಲ ಮೇಲೆ ಮಗು ಕೂತ ಹಾಗೆ ಮೇಲೆ ಕೂರುತ್ತದೆ. ದೊಡ್ಡಕ್ಷರ ಚಿಕ್ಕಕ್ಷರ ಅನ್ನುವ ಭೇದ ಸಾಮಾನ್ಯವಾಗಿ ಇಲ್ಲ. ಊರಿನ ಹೆಸರಿರಲಿ, ಜನರ ಹೆಸರಿರಲಿ, ಎಲ್ಲವೂ ಸಣ್ಣಕ್ಷರ. ಅದೂ ನಮ್ಮ ಹಾಗೇ.

ಇದರಲ್ಲಿ ಒಂದು ಗುರುತು ಇದೆ, ಬಿಂದು ಇಲ್ಲದ ಪ್ರಶ್ನಾರ್ಥಕ ಚಿಹ್ನೆಯ ಹಾಗೆ. ಗಂಟಲು ಒಂದು ಕ್ಷಣ ಮುಚ್ಚಿ ತೆರೆಯುವುದಕ್ಕೆ ಅದು ಅಕ್ಷರ. ನಮ್ಮಲ್ಲೂ ಈ ಧ್ವನಿ ಇದೆ. ಊಟ ಬೇಡ ಅಂತ ಮಗು ಬಾಯಿ ಮುಚ್ಚಿಕೊಂಡೇ “ಉಂ-ಉಂ” ಅನ್ನುತ್ತದಲ್ಲ, ಎರಡು ಉಂ ಗಳ ನಡುವೆ ಗಂಟಲು ತುಂಡರಿಸುತ್ತದೆ. ಅದೇ. ನಾವು ಅದಕ್ಕೆ ಅಕ್ಷರ ಕೊಟ್ಟಿಲ್ಲ, ಯಾಕೆಂದರೆ ನಮ್ಮ ಶಬ್ದಗಳಿಗೆ ಅದು ಬೇಡ. ಅವರಿಗೆ ಬೇಕು. ಟೈಪ್‌ರೈಟರ್ ಕಾಲದಲ್ಲಿ ಈ ಕರಾವಳಿಯ ಕೆಲವು ಭಾಷೆಗಳವರು ಇದಕ್ಕೆ 7 ಅಂಕಿಯನ್ನೇ ಬಳಸಿದರು. ವ್ಯಾಂಕೂವರ್ ದ್ವೀಪದ ಸಾನಿಚ್ ಜನರಲ್ಲಿ ಡೇವ್ ಎಲಿಯಟ್ ಎಂಬವರು 1978ರಲ್ಲಿ ಒಂದು ಹಳೇ ಟೈಪ್‌ರೈಟರ್ ಕೊಂಡು, ಇಂಗ್ಲಿಷ್ ಅಕ್ಷರಗಳ ಮೇಲೆ ಅಡ್ಡಗೆರೆ ಓರೆಗೆರೆ ಹೊಡೆದು ತಮ್ಮ ಭಾಷೆಗೆ ಅಕ್ಷರಮಾಲೆಯನ್ನೇ ಮಾಡಿದರು. ಅವರ ಭಾಷೆ ಸೇಲಿಶ್ ಕುಟುಂಬದ್ದು, ವಕಾಶನ್ ಅಲ್ಲ. ಆದರೂ ಅವರ ನೆನಪಾಗುತ್ತದೆ. ರಾತ್ರಿ ದೀಪದ ಕೆಳಗೆ ಕೂತು, ಒಂದು ಅಕ್ಷರ ಹೊಡೆದು, ಹಿಂದಕ್ಕೆ ಸರಿಸಿ, ಅದರ ಮೇಲೆ ಗೆರೆ ಹೊಡೆಯುವ ಕೈ ಕಣ್ಣಿಗೆ ಕಟ್ಟುತ್ತದೆ.

ನಿಯಾ ಬೇಯ ಶಾಲೆಯಲ್ಲಿ ಈಗ ಮಕ್ಕಳು ಈ ಅಕ್ಷರ ಕಲಿಯುತ್ತಾರೆ. ಕಲಿಸುವವರೂ ಕಲಿತವರೇ. ಮನೆಯ ಮಾತು ಎಲ್ಲರಿಗೂ ಇಂಗ್ಲಿಷ್. ನನ್ನ ಭಯ ಇರುವುದು ಇಲ್ಲಿ. ಶಬ್ದಗಳನ್ನು ಪಟ್ಟಿ ಮಾಡಿ ಉಳಿಸಬಹುದು. ಧ್ವನಿ ಹಾಗಲ್ಲ. ಗಂಟಲ ಕ ಸುಲಭದ ಕ ಆಗಿಬಿಡುತ್ತದೆ, ಹಿಂದಿನ ಕ ಮುಂದಕ್ಕೆ ಬಂದುಬಿಡುತ್ತದೆ. ನಮ್ಮ ಹಳಗನ್ನಡದ ‘ೞ’ಕ್ಕೆ ಆದದ್ದೂ ಅದೇ. 13ನೇ ಶತಮಾನದಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜ ಕೂತು ಯಾವ ಯಾವ ಶಬ್ದದಲ್ಲಿ ೞ ಬರುತ್ತದೆ ಅಂತ ಪಟ್ಟಿ ಕೊಡಬೇಕಾಯಿತು. ಜನರ ಬಾಯಲ್ಲಿ ಇದ್ದಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಆದರೆ ನಮ್ಮ ೞ ಹೋದಾಗ ಕನ್ನಡ ಆಡುವವರು ಲಕ್ಷಗಟ್ಟಲೆ ಇದ್ದರು, ಬಾೞೆ ಹೋಗಿ ಬಾಳೆ ಆಯಿತು, ಬದುಕು ನಡೆಯಿತು. ಮ ದಿಂದ ಬ ಕ್ಕೆ ಹೋದದ್ದೂ ಮಕಾ ಜನರ ಸ್ವಂತ ನಡಿಗೆ. ಇಂಗ್ಲಿಷಿನ ಒತ್ತಡಕ್ಕೆ ಧ್ವನಿ ಸವೆಯುವುದು ಆ ಥರದ್ದಲ್ಲ. ಅದಕ್ಕೇ ಆ ಕಷ್ಟದ ಗುರುತುಗಳ ಮೇಲೆ ನನಗೆ ಗೌರವ ಹೆಚ್ಚಾಯಿತು. ಮೊದಲು ನೋಡಿದಾಗ, ಸುಲಭ ಮಾಡಬಹುದಿತ್ತಲ್ಲ, ಮಾಮೂಲಿ ಕೀಬೋರ್ಡಿನಲ್ಲಿ ಬರುವ ಹಾಗೆ, ಅಂದುಕೊಂಡಿದ್ದೆ. ಸುಲಭ ಮಾಡಿದ್ದರೆ ಮಗು ಸುಲಭದ್ದನ್ನೇ ಓದುತ್ತಿತ್ತು. ಎರಡು ಕ ಗೆ ಎರಡು ಬೇರೆ ಅಕ್ಷರ ಇದ್ದರೆ, ಇಲ್ಲಿ ಏನೋ ಬೇರೆ ಇದೆ, ನಾಲಿಗೆ ಹಿಂದಕ್ಕೆ ಹೋಗಬೇಕು ಅಂತ ಕಾಗದವೇ ಹೇಳುತ್ತದೆ.

ಅಬ್ಬೆ

ಅಮ್ಮ ಊರಿಗೆ ಹೋದ ಮೇಲೆ ನಾನು ಉತ್ತರ ಹುಡುಕತೊಡಗಿದೆ. ತಾಯಿಯ ಹೆಸರಲ್ಲಿ ಮ ಇರಲೇಬೇಕು ಅನ್ನುವುದು ಎಲ್ಲ ಕಡೆ ನಡೆಯುವುದಿಲ್ಲ ಅಂತ ಗೊತ್ತಾಯಿತು. ಜಾರ್ಜಿಯಾ ದೇಶದ ಭಾಷೆಯಲ್ಲಿ ತಾಯಿ ‘ದೆದಾ’, ‘ಮಾಮಾ’ ಅಂದರೆ ತಂದೆ. ಮಕಾದ ಹತ್ತಿರಕ್ಕೆ ಬಂದೆ. ಕಡಲಾಚೆಯ ನೂ-ಚಾ-ನುಲ್ತ್‌ನಲ್ಲಿ ತಾಯಿ ಅನ್ನುವ ಶಬ್ದ ‘ಉಮ್‌ಈಕ್ಸು’ ಅಂತ ಶುರುವಾಗುತ್ತದೆ. ಮ ಮತ್ತು ಈ ನಡುವೆ ಆ ಗಂಟಲ ತುಂಡು. ಈಚೆ ದಡಕ್ಕೆ ಬಂದರೆ ಆ ಮ ಇರುವಲ್ಲಿ ಬ. ಶಬ್ದದ ಶುರು ಕಿವಿಗೆ ‘ಅಬ್’ ಅಂತ ಬೀಳುತ್ತದೆ.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, “ನಾವು ನಮ್ಮ ಅಮ್ಮನನ್ನು ಏನಂತ ಕರೀತಿದ್ದೆವು, ನೆನಪಿಲ್ವಾ ನಿನಗೆ?” ಅಂದಳು.

ನೆನಪಿತ್ತು. ಯಾಕೋ ಇಷ್ಟು ದಿನ ಹೊಳೆದಿರಲಿಲ್ಲ. ಅಬ್ಬೆ. ನಮ್ಮ ಹವ್ಯಕರ ಮನೆಗಳಲ್ಲಿ ಅದೇ ಶಬ್ದ. ಅಜ್ಜಿಯನ್ನು ಅಮ್ಮ, ಮಾವಂದಿರು, ಚಿಕ್ಕಮ್ಮಂದಿರು ಎಲ್ಲರೂ ಕರೆಯುತ್ತಿದ್ದದ್ದು ಅಬ್ಬೆ ಅಂತಲೇ. ಹಳಗನ್ನಡದಲ್ಲೂ ಇತ್ತು. ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿ ಇರುವುದೂ ಅದೇ. ನನ್ನ ತಲೆಮಾರಿಗೆ ಬರುವಾಗ ಶಾಲೆಯ ಕನ್ನಡ ಮನೆಗೂ ಬಂತು, ನಾನು ಅಮ್ಮ ಅಂದೆ. ಅಬ್ಬೆ ಅಜ್ಜಿಯ ಜೊತೆ ಹೋಯಿತು. ಮಕಾದ ಅಬ್ ಗೂ ನಮ್ಮ ಅಬ್ಬೆಗೂ ಏನೂ ನೆಂಟಸ್ತಿಕೆ ಇಲ್ಲ, ಗೊತ್ತು. ಸುಮಾರು ಹದಿಮೂರು ಸಾವಿರ ಕಿಲೋಮೀಟರ್ ದೂರ, ಕಾಕತಾಳೀಯ. ಆದರೆ ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಅವಳ ಬಾಯಲ್ಲೇ ಇತ್ತು. ಮೂಗು ಇಲ್ಲದೆಯೂ ತಾಯಿಯನ್ನು ಕರೆಯಬಹುದು ಅಂತ ಅವಳ ತುಟಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು.

ಈಗ ಅಮ್ಮನ ಜೊತೆ ಫೋನಿನಲ್ಲಿ ಮಾತು ಬಹಳ ಸಲ ಇದರ ಸುತ್ತಲೇ ಹೋಗುತ್ತದೆ. ಕಳೆದ ತಿಂಗಳು ಒಂದು ವಿಷಯ ಹೇಳಿದೆ. ಮಕಾದಲ್ಲಿ ಹವೆ ಕೆಟ್ಟಿದೆ ಅಂತ ಹೇಳುವಾಗ, ನಿನಗೆ ಅದು ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಬೇರೆ ಬೇರೆ ಪ್ರತ್ಯಯ ಇದೆ. ನೋಡಿದರೆ ಹಾಗೆ ಕಾಣುತ್ತಿದೆ ಅನ್ನುವುದಕ್ಕೆ ಕೊನೆಯಲ್ಲಿ ‘ಪೀಡ್’. ಯಾರೋ ಹೇಳಿದರು ಅನ್ನುವುದಕ್ಕೆ ‘ವಾಡ್’. “ಅದು ನಮ್ಮ ‘ಅಂತೆ’ ಅಲ್ವಾ?” ಅಂದಳು ಅಮ್ಮ. ಅದೇ. ಹವೆ ಕೆಟ್ಟಿದೆಯಂತೆ. ಇಂಗ್ಲಿಷಿನಲ್ಲಿ ಇದಕ್ಕೆ ಒಂದು ವಾಕ್ಯವೇ ಬೇಕು, ನಮಗೆ ಎರಡು ಅಕ್ಷರ ಸಾಕು. ನಮ್ಮಲ್ಲಿ ಇಲ್ಲದ್ದು ಇನ್ನೊಂದು ಇದೆ. ಕಣ್ಣಿಗೆ ಕಾಣದೆ, ಬರೀ ಕಿವಿಗೆ ಕೇಳಿಸಿ ಗೊತ್ತಾದದ್ದಕ್ಕೇ ಬೇರೆ ಪ್ರತ್ಯಯ.

“ಅಲ್ಲಿ ಈಗ ಮಳೆಯಂತೆ?” ಅಂತ ಕೇಳಿದಳು. ತಂಗಿ ಹೇಳಿರಬೇಕು. ಇಲ್ಲಿ ರಾತ್ರಿ ಹನ್ನೊಂದು ಗಂಟೆ. ಹೊರಗೆ ಕತ್ತಲೆ, ಏನೂ ಕಾಣುತ್ತಿರಲಿಲ್ಲ. ನಾನು ಕಿಟಕಿ ತೆರೆದು ಫೋನನ್ನು ಹೊರಗೆ ಹಿಡಿದೆ.